ಮೀಸೆಯಿಲ್ಲದ ದೃಷ್ಟಿಬೊಂಬೆ

ಕಳೆದ ಭಾನುವಾರ ರಾಜಾನುಕುಂಟೆಯಲ್ಲಿ ಒಂದು ಮನೆ ಅತ್ತಿತು. ಅಳಿಸಿದ್ದು ನಾನೇ. ಚಪ್ಪಾಳೆ ಆಮೇಲೆ ತಟ್ಟಿ, ಮೊದಲು ಕಥೆ ಕೇಳಿ.

ನನಗೆ ಜಪಾನಿ ಕಾರ್ಟೂನ್ ಹುಚ್ಚು. ಅದರಲ್ಲೂ ಆ ಕಣ್ಣಿನ ಕ್ಲೋಸಪ್! ಹೀರೊ ಎದುರಿಗೆ ವಿಲನ್ ಬಂದು ನಿಂತರೆ ಸಾಕು, ಟಿವಿ ತುಂಬಾ ಎರಡೇ ಎರಡು ಕಣ್ಣು. ಗುಡ್ಡೆ ನಡುಗುತ್ತದೆ, ಒಳಗೆ ನಕ್ಷತ್ರ ಹೊಳೆಯುತ್ತದೆ, ಗಾಳಿ ಬೀಸುತ್ತದೆ (ಕಣ್ಣೊಳಗೇ ಗಾಳಿ!). ಅಷ್ಟರಲ್ಲಿ ಅಮ್ಮ ಅಕ್ಕಿ ತೊಳೆದು, ಕುಕ್ಕರ್ ಕೂಗಿಸಿ ಬಂದರೂ ಹೀರೊ ಇನ್ನೂ ರೆಪ್ಪೆ ಬಡಿದಿರುವುದಿಲ್ಲ.

"ಇವ್ನಿಗೆ ಕಣ್ಣು ಉರಿಯಲ್ವೇನೇ?" ಎನ್ನುತ್ತಾಳೆ ಅಮ್ಮ. ಇಂಥವರ ನಡುವೆ ಕಲಾವಿದೆಯೊಬ್ಬಳು ಬೆಳೆಯಬೇಕು!

ನಾನು ಬರೆಯುವುದೂ ಕಣ್ಣೇ. ಫಿಸಿಕ್ಸ್ ನೋಟ್ಸಿನ ಅಂಚಿನಲ್ಲಿ, ಕ್ಯಾಲೆಂಡರಿನ ಭಾನುವಾರಗಳಲ್ಲಿ, ಅಲ್ಲಾಳಸಂದ್ರದ ನಮ್ಮನೆ ಫ್ರಿಜ್ಜಿನ ಮೇಲೆ. "ಬರೀ ಕಣ್ಣು ಬರೀತೀಯಲ್ಲ, ಮೂಗು ಬಾಯಿ ಯಾರು ಬರೀತಾರೆ, ನಿಮ್ಮಪ್ಪನಾ?" ಎಂದು ಅಮ್ಮ ಗದರುತ್ತಾಳೆ. (ಮೂಗು ನನಗೆ ಬರುವುದಿಲ್ಲ. ಈ ವಿಷಯ ನಮ್ಮೊಳಗೇ ಇರಲಿ.)

ರಾಜಾನುಕುಂಟೆಯಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸುತ್ತಿದ್ದಾರೆ. ಅದರ ಟೆರೇಸ್ ಮೇಲೊಂದು ಪುಟ್ಟ ರೂಮು. ಕಿಟಕಿ ತುಂಬಾ ಬೆಳಕು. ನೋಡಿದ ದಿನವೇ ಅದು ನನ್ನ ಸ್ಟುಡಿಯೋ ಎಂದು ತೀರ್ಮಾನಿಸಿಬಿಟ್ಟೆ. ಚಿಕ್ಕಪ್ಪ ಮಾತ್ರ ಅದನ್ನು ಸ್ಟೋರ್ ರೂಮ್ ಎನ್ನುತ್ತಿದ್ದರು.

ಎದುರುಮನೆ ಸರೋಜಮ್ಮ ಆಂಟಿಗೆ ದಿನಾ ಬಂದು, ಸೊಂಟದ ಮೇಲೆ ಕೈಯಿಟ್ಟು, ಕಟ್ಟಡ ನೋಡುವ ಅಭ್ಯಾಸ. "ಪರ್ವಾಗಿಲ್ಲ ಕಣ್ರೀ, ಅರಮನೇನೇ ಎಬ್ಬಿಸ್ಬಿಟ್ರಿ!" ಅಂದರು. ಸಂಜೆಗೆ ನೀರಿನ ಮೋಟಾರ್ ಸುಟ್ಟುಹೋಯಿತು. ಮತ್ತೆ ಹೊಗಳಿದರು. ಮರಳಿನ ಲಾರಿ ಗೇಟಿನ ಮುಂದೆಯೇ ಹೂತುಕೊಂಡಿತು. (ಇನ್ನೊಂದು ಸಲ ಹೊಗಳಿದ್ದರೆ ಯಲಹಂಕ ವಾಯುನೆಲೆಯ ವಿಮಾನ ಸೀದಾ ನಮ್ಮ ತಾರಸಿಗೇ ಇಳಿಯುತ್ತಿತ್ತು.)

"ಕಣ್ಣು ತಗುಲೈತೆ ಕಣ್ಲಾ. ದೃಷ್ಟಿಬೊಂಬೆ ತಂದು ತೂಗಾಕು," ಎಂದು ಅಜ್ಜಿ ಚಿಕ್ಕಪ್ಪನಿಗೆ ಆರ್ಡರ್ ಮಾಡಿದರು.

ನಾನು ಬಿಡುತ್ತೇನಾ? "ಅಂಗಡೀಲಿ ತರ್ಬೇಡಿ ಚಿಕ್ಕಪ್ಪ, ನಾನೇ ಬರೀತೀನಿ. ಕೆಲ್ಸ ಮಾಡಿದ್ರೆ ಮೇಲಿನ ರೂಮು ನಂದು."

"ಮಾಡ್ಲಿಲ್ಲ ಅಂದ್ರೆ?"

"ಪರೀಕ್ಷೆ ಮುಗಿಯೋವರ್ಗೂ ಒಂದು ಕಣ್ಣೂ ಬರಿಯಲ್ಲ."

"ಡೀಲ್!" ಅವರು ಒಪ್ಪಿದ ಸ್ಪೀಡಿಗೆ ನನಗೆ ಅವಮಾನವೇ ಆಯಿತು. ತೀರ್ಪು ಅಜ್ಜಿಯದು ಎಂದೂ ಆಯಿತು.

ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ಪ್ಲೈವುಡ್ ಹಲಗೆ ಎಳೆದುಕೊಂಡೆ. ಈ ಅಂಚಿನಿಂದ ಆ ಅಂಚಿಗೆ ಎರಡು ಕಣ್ಣು. ರೆಪ್ಪೆಯ ಒಂದೊಂದು ಕೂದಲೂ ಪೊರಕೆ ಕಡ್ಡಿಯಷ್ಟು. ಕೆಂಡದಂಥ ಕೋಪ ಬರಬೇಕೆಂಬುದು ಪ್ಲಾನ್. ಕೊನೆಗೆ ಹೊಳಪಿಗೆಂದು ಒಂದು ಬಿಳಿ ಚುಕ್ಕೆ ಇಟ್ಟೆ. ಚೆನ್ನಾಗಿ ಕಂಡಿತು. ಇನ್ನೊಂದಿಟ್ಟೆ. ಮತ್ತೊಂದು. (ಎಲ್ಲಿ ನಿಲ್ಲಿಸಬೇಕೆಂದು ಕಲಾವಿದರಿಗೆ ಗೊತ್ತಿರುತ್ತದೆ ಎಂದವರು ಯಾರು?)

ಅಜ್ಜಿ ಬಂದು ನೋಡಿದರು. "ಮೀಸೆ ಎಲ್ಲವ್ವ ಅಮ್ಮಣ್ಣಿ? ನಾಲ್ಗೆ?"

"ಇದು ಕ್ಲೋಸಪ್ ಅಜ್ಜಿ. ಮೀಸೆ ಹಲಗೆಯಿಂದ ಆಚೆ ಇದೆ."

"ಅದಿರ್ಲಿ, ಇದ್ಯಾಕೆ ಇಂಗೆ ಅಳ್ತಾ ಐತೆ?"

ಹೌದು. ಚುಕ್ಕೆ ಜಾಸ್ತಿಯಾಗಿ ಕಣ್ಣು ಒದ್ದೆಯಾಗಿತ್ತು. ಇನ್ನೇನು ಒಂದು ಹನಿ ಕೆಳಗೆ ಬೀಳಬೇಕು, ಹಾಗೆ. ಚಿಕ್ಕಪ್ಪ ಆಗಲೇ ಬಡಗಿಗೆ ಫೋನ್ ಹಚ್ಚಿ ಸ್ಟೋರ್ ರೂಮಿನ ಶೆಲ್ಫಿನ ಅಳತೆ ಹೇಳತೊಡಗಿದರು.

"ಒಂದೇ ಒಂದ್ ದಿನ ಹಾಕಿ ನೋಡೋಣ ಚಿಕ್ಕಪ್ಪ, ಪ್ಲೀಸ್!" ಅಂದೆ. ಈಗ ನನ್ನ ಕಣ್ಣೂ ಹಲಗೆಯ ಕಣ್ಣಿನಂತೆಯೇ ಆಗಿತ್ತು. ತೂಗುಹಾಕಿದರು.

ಭಾನುವಾರ ಬೆಳಗ್ಗೆ ಸರೋಜಮ್ಮ ಆಂಟಿ ಬಂದರು. ಸೊಂಟಕ್ಕೆ ಕೈ ಹೋಯಿತು. ಹೊಗಳಲು ಬಾಯಿ ತೆರೆಯಿತು. ಆಗ ಹಲಗೆ ಕಂಡಿತು.

ಹಲಗೆಯ ಕಣ್ಣು ಆಂಟಿಯನ್ನು ನೋಡಿತು. ಆಂಟಿಯ ಕಣ್ಣು ಹಲಗೆಯನ್ನು ನೋಡಿತು. ಆಂಟಿಯ ಗುಡ್ಡೆ ನಡುಗಿತು (ಆಣೆ ಮಾಡಿ ಹೇಳುತ್ತೇನೆ, ಗಾಳಿಯೂ ಬೀಸಿತು).

ಸೊಂಟದ ಕೈ ಎದೆಗೆ ಬಂತು. "ಅಯ್ಯೋ ಪಾಪ! ಯಾಕ್ರೀ, ಏನಾಯ್ತು? ಮನೆ ಕೆಲ್ಸ ನಿಂತೋಯ್ತಾ?"

ಉತ್ತರಕ್ಕೂ ಕಾಯದೆ ಮನೆಗೆ ಓಡಿ ಒಂದು ಡಬ್ಬಿ ಚಿತ್ರಾನ್ನ ತಂದುಕೊಟ್ಟರು. ಅರಮನೆಯತ್ತ ತಲೆಯೆತ್ತಿಯೂ ನೋಡಲಿಲ್ಲ. ರಿಪೇರಿಯಾಗಿ ಬಂದಿದ್ದ ಮೋಟಾರ್ ಸಂಜೆಯವರೆಗೂ ಗುಂಯ್ ಎನ್ನುತ್ತಲೇ ಇತ್ತು.

ಅಜ್ಜಿ ಚಿತ್ರಾನ್ನ ತಿನ್ನುತ್ತಲೇ ತೀರ್ಪು ಕೊಟ್ಟರು. "ಅಯ್ಯೋ ಪಾಪ ಅಂದೋರ ಕಣ್ಣು ಎಲ್ಲಾದ್ರೂ ತಗುಲ್ತದಾ? ರೂಮು ಮಗೀಗೆ ಕೊಟ್ಬುಡ್ಲಾ."

ಚಿಕ್ಕಪ್ಪ ಬಡಗಿಗೆ ಮತ್ತೆ ಫೋನ್ ಮಾಡಿದರು. ಶೆಲ್ಫ್ ಕ್ಯಾನ್ಸಲ್!

ನೋಡಿ, ಹೊಸ ಮನೆ, ಹೊಸ ಕಾರು, ಹೊಸ ಸೀರೆ ಎಲ್ಲವನ್ನೂ ಸ್ಟೇಟಸ್‌ಗೆ ಹಾಕುತ್ತೇವೆ. ಹಲ್ಲು ಕಿರಿದು ಫೋಟೊ ತೆಗೆಸುತ್ತೇವೆ. ಆಮೇಲೆ ಯಾರದೋ ಕಣ್ಣು ಬಿತ್ತೆಂದು ಕೋರೆಹಲ್ಲಿನ ರಾಕ್ಷಸನನ್ನು ಬಾಗಿಲಿಗೆ ಕಾವಲು ನಿಲ್ಲಿಸುತ್ತೇವೆ. ಅದೇ ಆಂಟಿಯ ಬಾಯಲ್ಲಿ 'ಅಯ್ಯೋ ಪಾಪ'ವೂ ಇತ್ತು, ಕೈಯಲ್ಲಿ ಚಿತ್ರಾನ್ನವೂ ಇತ್ತು. ಅವೆರಡನ್ನೂ ಹೊರಗೆ ತರಿಸಲು ನನ್ನ ಎರಡು ಒದ್ದೆ ಕಣ್ಣು ಸಾಕಾಯಿತು.

ಈಗ ಲೇಔಟಿನವರೆಲ್ಲ ಹಲಗೆ ಹೊತ್ತು ನನ್ನ ಬಳಿ ಬರುತ್ತಿದ್ದಾರೆ. ಅಮ್ಮ ಫ್ರಿಜ್ಜಿನ ಮೇಲಿನ ಕಣ್ಣನ್ನು ಒರೆಸುವುದು ಬಿಟ್ಟು, ನೆಂಟರನ್ನು ಕರೆದು ತೋರಿಸುತ್ತಾಳೆ. ಟೆರೇಸ್ ರೂಮಿನ ಕೀ ನನ್ನ ಜೇಬಿನಲ್ಲಿದೆ.

ಎಲ್ಲ ಸರಿ, ಊರವರ ಕಣ್ಣೆಲ್ಲ ಈಗ ನನ್ನ ಮೇಲೇ ಇದೆಯಲ್ಲ, ನನಗೆ ದೃಷ್ಟಿ ತೆಗೆಯುವವರು ಯಾರು?