ಅತಿಥಿಯ ಪರಿಚಯ, ಅತಿಥಿಯೇ ಬರೆದದ್ದು

"ನಾಡಿನ ಹೆಸರಾಂತ ಚಿಂತಕರು, ಸರಳತೆಯ ಸಾಕಾರಮೂರ್ತಿ..."

ಕಳೆದ ವಾರ ಟಿ. ನರಸೀಪುರದ ಒಂದು ಕಾಲೇಜಿನ ವೇದಿಕೆಯಲ್ಲಿ ನನ್ನ ಬಗ್ಗೆ ಓದಿದ ಮಾತುಗಳಿವು. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ಕೇಳಿಸಿಕೊಂಡೆ. ಬರೆದವನು ನಾನೇ.

ನಗಬೇಡಿ. ನಮ್ಮ ಕಡೆ ನಡೆಯುವುದೇ ಹೀಗೆ. ಸಮಾರಂಭಕ್ಕೆ ಮೊದಲೇ ಫೋನ್ ಬರುತ್ತದೆ: "ಸಾರ್, ನಿಮ್ಮ ಪರಿಚಯ ಒಂದು ವಾಟ್ಸ್ಯಾಪ್ ಮಾಡ್ಬಿಡಿ." ಅತಿಥಿ ತನ್ನನ್ನೇ 'ಅವರು' ಎಂದು ಕರೆದು, ಹೊಗಳಿಕೊಂಡು ಕಳಿಸುತ್ತಾನೆ. ಯಾರೋ ಓದುತ್ತಾರೆ. ಅತಿಥಿ ಸಂಕೋಚಪಡುತ್ತಾನೆ. (ಎಂ.ಎ.ಯಲ್ಲಿ ಚಿನ್ನದ ಪದಕ ಎಂದೂ ನನ್ನ ಪರಿಚಯದಲ್ಲಿದೆ. ಪದಕ ಬಂದಿತ್ತೋ, ಬರೀ ರ‍್ಯಾಂಕೋ? ಬರೆದು ಬರೆದು ಈಗ ನನಗೇ ಗೊತ್ತಿಲ್ಲ. ಮನೆಯಲ್ಲಂತೂ ಹುಡುಕಿದರೆ ಸಿಗಲಿಲ್ಲ.)

ಅಂದು ನನಗೆ ಕೊಟ್ಟ ವಿಷಯ 'ಯುವಜನರಲ್ಲಿ ಆತ್ಮರತಿ'. ಅದೇ, ನಾರ್ಸಿಸಿಸಂ. ತನ್ನ ಮೇಲೆ ತನಗೇ ಮೋಹ. ನಂಜನಗೂಡಿನಿಂದ ಬಸ್ಸಿನಲ್ಲಿ ಬರುವಾಗಲೇ ಸೆಲ್ಫಿ, ರೀಲ್ಸ್ ಕುರಿತು ಜೋಕ್‌ಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅದಕ್ಕಿಂತ ಒಳ್ಳೆಯ ಸರಕು ವೇದಿಕೆಯಲ್ಲೇ ಸಿಕ್ಕಿತು.

ನನ್ನ ಪರಿಚಯ ಓದಲು ಬಂದವಳು ಎರಡನೇ ಬಿ.ಎ. ಓದುವ ಪವಿತ್ರ. (ಹೆಸರು ಬದಲಿಸಿದ್ದೇನೆ. ಅಷ್ಟಾದರೂ ಮಾಡಬೇಡವೇ?) ಮೈಕ್ ಹಿಡಿದವಳೇ, "ಎಲ್ಲರಿಗೂ ನಮಸ್ಕಾರ. ನಾನು ಪವಿತ್ರ, ಈ ಕಾಲೇಜಿನ ಬೆಸ್ಟ್ ಸ್ಪೀಕರ್" ಅಂದಳು. ಬೆಸ್ಟ್ ಅಂದಳೋ, ಒಳ್ಳೆಯ ಅಂದಳೋ? ಬೆಸ್ಟ್ ಎಂದೇ ನೆನಪು. ಆದರೆ ನನ್ನ ಜೋಕಿಗೆ ಆ ಪದವೇ ಬೇಕಿತ್ತು. ಹಾಗಾಗಿ ನನ್ನ ನೆನಪನ್ನು ಪೂರ್ತಿ ನಂಬಬೇಡಿ.

ಭಾಷಣದಲ್ಲಿ ಅದನ್ನೇ ಎತ್ತಿಕೊಂಡೆ. "ಅತಿಥಿಯನ್ನು ಪರಿಚಯಿಸಮ್ಮ ಅಂದರೆ ತನ್ನನ್ನೇ ಪರಿಚಯಿಸಿಕೊಂಡು ಹೋದಳು! ಇನ್ನೇನು ಉದಾಹರಣೆ ಬೇಕು?"

ಹಾಲ್‌ಗೆ ಹಾಲೇ ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಕೂಗಿದ: "ಓಹೋ, ಬೆಸ್ಟ್ ಸ್ಪೀಕರೂ!" ಪವಿತ್ರಳೂ ನಕ್ಕಳು. ಮತ್ತೆ ಅತ್ತ ನೋಡಿದಾಗ ಅವಳ ಕುರ್ಚಿ ಖಾಲಿಯಿತ್ತು.

ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಡಂ ನನ್ನ ಪಕ್ಕ ಬಂದು ಕೂತರು.

"ಸಾರ್, ಆ ಸಾಲು ನಾನೇ ಹೇಳ್ಕೊಟ್ಟಿದ್ದು. ಹೋದ ವರ್ಷ ಸ್ಟೇಜ್ ಹತ್ತಿ, ಮಾತೇ ಬರ್ದೆ ಅಳ್ತಾ ಇಳ್ದಿದ್ಲು. ಎಷ್ಟೋ ದಿನ ಕಾಲೇಜಿಗೇ ಬರ್ಲಿಲ್ಲ. ಮೊದ್ಲು ನಿನ್ನ ಬಗ್ಗೆ ಒಂದು ಒಳ್ಳೇ ಮಾತು ಹೇಳ್ಕೋ, ಭಯ ಹೋಗುತ್ತೆ ಅಂದಿದ್ದೆ. ಮೈಸೂರಲ್ಲಿ ಡಿಬೇಟ್ ಇದೆ, ಹೆಸರು ಕೊಟ್ಟಿದ್ಲು. ಈಗ ತೆಗೀರಿ ಅಂತಿದಾಳೆ."

ನಾಚಿಕೆಯಿಂದ ನಡುಗುತ್ತಿದ್ದವಳು ಕಷ್ಟಪಟ್ಟು ತನ್ನ ಬಗ್ಗೆ ಒಂದು ಒಳ್ಳೆಯ ಮಾತಾಡಿದ್ದಳು. ಅದನ್ನು ನಾನು ಆತ್ಮರತಿ ಎಂದು ವ್ಯಾಖ್ಯಾನ ಮಾಡಿದ್ದೆ. ಯೂನಿವರ್ಸಿಟಿಯಲ್ಲಿ ಓದಿದವನಲ್ಲವೇ!

ಅವಳನ್ನು ಕರೆಸಿದರು. ಮುಖ ತೊಳೆದುಕೊಂಡು ಬಂದಿದ್ದಳು.

"ತಮಾಷೆಗೆ ಅಂದೆ ಕಣಮ್ಮ. ಸಾರಿ. ಡಿಬೇಟ್ ಬಿಡಬೇಡ."

"ಪರ್ವಾಗಿಲ್ಲ ಬುಡಿ ಸಾ. ಇನ್ಮೇಲೆ ಬಸ್ಸಲ್ಲೂ 'ಬೆಸ್ಟ್ ಸ್ಪೀಕರೂ' ಅಂತ್ಲೇ ಕರೀತಾರೆ, ಅಷ್ಟೇಯ." ಕೈಯಲ್ಲಿದ್ದ ಹಾಳೆ ತೋರಿಸಿ ಕೇಳಿದಳು: "ನಾನ್ ಓದುದ್ನಲ್ಲ ಸಾ, ನಿಮ್ ಪರಿಚಯ. ಅದ್ನ ಬರ್ದೋರು ಯಾರು?"

"ನಾನೇ."

"ಅಂಗಾದ್ರೆ ಅದ್ನ ಒಂದ್ಸಲ 'ನಾನು' ಅಂತ ಓದಿ ಸಾ. ಎಂಗಾಯ್ತದೆ ನೋಡಿ."

"ಏಯ್ ಪವಿತ್ರ!" ಎಂದರು ಮೇಡಂ. ಅವಳು ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಾಗಿತ್ತು.

"ನಾನು ನಾಡಿನ ಹೆಸರಾಂತ ಚಿಂತಕ" ಎಂದೆ. "ನಾನು ಸರಳತೆಯ..." ನಾಲಿಗೆ ಏಳಲಿಲ್ಲ. ಎದುರಿಗಿದ್ದದ್ದು ಅವರಿಬ್ಬರೇ. ಅವಳು ಇಡೀ ಕಾಲೇಜಿನ ಮುಂದೆ ಹೇಳಿದ್ದಳು.

"ಅದೇ ಸಾ, ನಂಗೂ ಅಂಗೇ ಆಗೋದು" ಅಂದಳು. ದನಿಯಲ್ಲಿ ಗೇಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇದನ್ನು ಬರೆಯುವ ಮುಂಚೆ ಮೇಡಂಗೆ ಫೋನ್ ಮಾಡಿದೆ. "ಡಿಬೇಟಿಂದ ಹೆಸರು ತೆಗ್ದಿಲ್ಲ ಸಾರ್. ಆದ್ರೆ ಅವತ್ತಿಂದ ಅವಳು ಕಾಲೇಜಿಗೆ ಬಂದಿಲ್ಲ" ಅಂದರು.

ಹಂಗಿಸಿದ್ದು ಮೈಕಿನಲ್ಲಿ. ಸಾರಿ ಕೇಳಿದ್ದು ಸ್ಟಾಫ್ ರೂಮಿನಲ್ಲಿ, ಮೆಲ್ಲಗೆ. ಯಾರ ಮರ್ಯಾದೆ ಉಳಿಸಲು?