ಅಧ್ಯಕ್ಷರಿಗೆ ಬರೆದ ಅಕ್ಕ

ಮೊನ್ನೆ ಮೊಮ್ಮಗಳು ಊಟದ ಮೇಜಿನ ಮೇಲೆ ಉಗುರಿನ ಬಣ್ಣ ತೆಗೆಯುವ ಬಾಟಲಿ ತೆರೆದಿಟ್ಟುಕೊಂಡು ಕೂತಿದ್ದಳು. ಹತ್ತಿ ಅದ್ದಿ ಅದ್ದಿ ಬೆರಳು ಉಜ್ಜುತ್ತಿದ್ದಳು. ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆಗೆ ನಿಂತಿದ್ದ ನನಗೆ ಎವರ್‌ಗ್ರೀನ್ ಬಡಾವಣೆಯ ಈ ಮನೆ ಮರೆತೇ ಹೋಗಿ, ಸ್ಯಾನ್ ಹೊಸೆಯ ಹಳೆಯ ಅಪಾರ್ಟ್‌ಮೆಂಟಿನ ಮರದ ಮೆಟ್ಟಿಲು ಕಣ್ಣಿಗೆ ಕಟ್ಟಿತು. ಸಂಜೆ ಪಕ್ಕದ ಮನೆಯಾತ ಕೆಲಸ ಮುಗಿಸಿ ಆ ಮೆಟ್ಟಿಲು ಹತ್ತಿ ಬಂದರೆ ಅವರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು. ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು ಅವರು. ಚಿಪ್‌ಗಳನ್ನು ತೊಳೆಯುವ ದ್ರಾವಣದ ವಾಸನೆ ಅದು ಎಂದು ಅವರ ಹೆಂಡತಿ ನನಗೆ ಹೇಳಿದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಎಂಬತ್ತರ ದಶಕದ ಆರಂಭದ ದಿನಗಳು. ನಾವು ಮೈಸೂರಿನಿಂದ ಅಮೆರಿಕಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಅಲ್ಲೇ ಹುಟ್ಟಿದ ಮಗಳು ಇಲ್ಲಿ ಬಂದು ನಡೆಯುವುದನ್ನು ಕಲಿಯುತ್ತಿದ್ದಳು. ಅಕ್ಕ ಧಾರವಾಡದವರು. ತಡವಾಗಿ ಮದುವೆಯಾಗಿ ಬಂದವರು; ಅದಕ್ಕೆ ಮೊದಲು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷು, ಪೌರನೀತಿ ಪಾಠ ಮಾಡಿದವರು. ಆ ಮೇಷ್ಟರಿಕೆ ಅವರನ್ನು ಬಿಟ್ಟಿರಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಮ್ಯಾನೇಜರ್ ಅಂಟಿಸಿದ ನೋಟೀಸಿನ ಕಾಗುಣಿತವನ್ನು ಕೆಂಪು ಪೆನ್ನಿನಿಂದ ತಿದ್ದಿ ಬರುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಗ್ರೋಸರಿ ಅಂಗಡಿಯವನು ಕೆಟ್ಟುಹೋದ ಹಾಲು ಕೊಟ್ಟರೂ ಪತ್ರ, ಬಸ್ಸು ತಡವಾದರೂ ಪತ್ರ. ಉತ್ತರ ಬಂದರೆ ನನಗೆ ಓದಿ ಹೇಳುತ್ತಿದ್ದರು. ಕೇಳಿದವರಿಗೆ ಉತ್ತರ ಕೊಡುವುದೇ ಸರಕಾರದ ಧರ್ಮ, ಈ ದೇಶದವರಿಗೆ ಅದು ಗೊತ್ತಿದೆ ಎಂದು ಅವರು ಮನಸಾರೆ ನಂಬಿದ್ದರು.

ಆ ವರ್ಷ ಅಕ್ಕ ಬಸುರಿಯಾದರು. ಧಾರವಾಡದಿಂದ ತಂದ ಸ್ಟೀಲ್ ಚೊಂಬು ಸದಾ ಪಕ್ಕದಲ್ಲಿ. ಡಾಕ್ಟರು ಚೆನ್ನಾಗಿ ನೀರು ಕುಡಿಯಿರಿ ಎಂದಿದ್ದರಂತೆ. ನಲ್ಲಿಯ ಕೆಳಗೆ ಚೊಂಬು ಹಿಡಿದು, ಇಲ್ಲಿ ನೀರು ಕಾಯಿಸುವ ಗೋಜೇ ಇಲ್ಲ ನೋಡು ಎಂದು ಸಂತೋಷಪಡುತ್ತಿದ್ದರು...

ಹೆಣ್ಣು ಮಗು ಹುಟ್ಟಿತು. ತುಟಿ, ಉಗುರು ನೀಲಿ. ಹೃದಯದ ಗೋಡೆಯೇ ಸರಿಯಾಗಿ ಕೂಡಿಲ್ಲ ಎಂದರು. ಗಾಜಿನ ಪೆಟ್ಟಿಗೆಯ ರಂಧ್ರದಲ್ಲಿ ಕೈ ತೂರಿಸಿ ಅಕ್ಕ ಅದರ ಪಾದ ಹಿಡಿದುಕೊಂಡು ಕೂತಿರುತ್ತಿದ್ದರು. ಮನೆಗೆ ಬಂದ ಮೇಲೆ ತೊಟ್ಟಿಲಿಗೆ ಹಾಕೋಣ ಎಂದುಕೊಂಡಿದ್ದರು. ಮಗು ಮನೆಗೆ ಬರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಅಕ್ಕನ ಗಂಡ ಕೆಲಸ ಮಾಡುತ್ತಿದ್ದ ಕಂಪನಿಯ ನೆಲದಡಿಯ ಟ್ಯಾಂಕು ಸೋರಿ ದ್ರಾವಣ ಮಣ್ಣಿಗಿಳಿದಿದೆ, ನಮ್ಮ ಬೀದಿಗಳಿಗೆ ನೀರು ಕೊಡುತ್ತಿದ್ದ ಬಾವಿಯನ್ನು ಮುಚ್ಚಲಾಗಿದೆ ಎಂದು. ಹಿಂದಿನ ಬೀದಿಯ ಮೆಕ್ಸಿಕನ್ ಹೆಂಗಸಿಗೆ ಗರ್ಭ ನಿಂತಿರಲಿಲ್ಲ. ಅವಳ ತಂಗಿಗೂ ಹಾಗೇ. ಅಕ್ಕ ಪತ್ರಿಕೆಯನ್ನು ಮಡಚಿ, ಚೊಂಬನ್ನು ತೊಳೆದು, ಕವುಚಿಟ್ಟರು. ನೀರಿನ ಇಲಾಖೆಗೆ ಬರೆದರು. ಡಾಕ್ಟರನ್ನು ಕೇಳಿದರು. ಕಂಪನಿಗೂ ಬರೆಯಲು ಹೊರಟಾಗ ಗಂಡ ತಡೆದರು. ಎಲ್ಲರದೂ ಒಂದೇ ಮಾತು: ನೀರಿಗೂ ಮಗುವಿಗೂ ಸಂಬಂಧವಿದೆ ಎಂದು ಹೇಳಲಾಗದು. ಇಲ್ಲ ಎಂದೂ ಯಾರೂ ಹೇಳಲಿಲ್ಲ. ಕೊನೆಗೆ ಅಕ್ಕ ವಾಷಿಂಗ್ಟನ್ನಿಗೆ, ನೇರವಾಗಿ ಅಧ್ಯಕ್ಷರಿಗೆ ಬರೆದರು.

ಆ ಪತ್ರವನ್ನು ನನಗೆ ಓದಿಸಿದ್ದರು. ಪರಿಹಾರ ಕೇಳಿರಲಿಲ್ಲ, ಯಾರನ್ನೂ ಬೈದಿರಲಿಲ್ಲ. ನಮಗೆ ಹೆಣ್ಣು ಮಗು ಹುಟ್ಟಿತು ಎಂದು ಮೊದಲ ಸಾಲು. ಅದು ಹೀಗೆ ಹುಟ್ಟಿ ಹೀಗೆ ಹೋಯಿತು ಎಂದು ಎರಡನೆಯದು. ನಾನು ಕುಡಿದ ನೀರೇ ಕಾರಣವೋ ಅಲ್ಲವೋ ಎಂದು ತಿಳಿದವರೊಬ್ಬರು ನೋಡಿ ಹೇಳುವಂತೆ ಮಾಡಿ ಎಂದು ಕೋರಿಕೆ. ಅಷ್ಟೇ.

ಉತ್ತರ ಬಂದ ದಿನ ಅಕ್ಕ ಗೋಡೆ ತಟ್ಟಿ ನನ್ನನ್ನು ಕರೆದರು. ಸ್ನಾನ ಮಾಡಿ ಇಳಕಲ್ ಸೀರೆ ಉಟ್ಟಿದ್ದರು. ಮೇಜಿನ ಮೇಲೆ ದಪ್ಪ ಕೆನೆಬಣ್ಣದ ಲಕೋಟೆ, ಬಂಗಾರದ ಮುದ್ರೆ. ಹರಿಯದ ಹಾಗೆ ಚಾಕುವಿನಿಂದ ಬಿಡಿಸಿದರು. ಒಳಗಿದ್ದದ್ದು ಒಂದು ಕಾರ್ಡು. ನಿಮ್ಮ ಮನೆಗೆ ಹೊಸ ಕಂದಮ್ಮ ಬಂದಿರುವುದಕ್ಕೆ ಅಭಿನಂದನೆಗಳು, ಮಗುವಿನ ನಗು ನಿಮ್ಮ ಮನೆ ತುಂಬಲಿ ಎಂದು ಅಚ್ಚಾಗಿತ್ತು. ಕೆಳಗೆ ಅಧ್ಯಕ್ಷರ ಮತ್ತು ಅವರ ಹೆಂಡತಿಯ ಸಹಿ.

ಅಕ್ಕ ಕಾರ್ಡನ್ನು ತಿರುಗಿಸಿ ಹಿಂದೆ ನೋಡಿದರು. ಲಕೋಟೆಯೊಳಗೆ ಬೆರಳು ಹಾಕಿ ನೋಡಿದರು. ಬೇರೇನೂ ಇರಲಿಲ್ಲ.

“ಕೂಸು ಹುಟ್ಟೇದ ಅಂತ ಬರದಿದ್ನಲ್ಲ, ಅಲ್ಲಿತನಕಾ ಓದ್ಯಾರ,” ಅಂದರು. “ಮುಂದಿನ ಸಾಲು ಓದಿಲ್ಲ.”

ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಸಾವಿರಾರು ಪತ್ರ ಬರುತ್ತವೆ, ಪಾಪ ಯಾವ ಹುಡುಗಿ ಓದಿದಳೋ ಎಂದು ಆ ಕಚೇರಿಯವರ ಪರವಾಗಿ ತಾವೇ ಮಾತಾಡಿದರು. ಮತ್ತೆ ಬರೆದರು. ಈ ಸಲ ಸಾವನ್ನು ಮೊದಲ ಸಾಲಿಗೆ ತಂದರು.

ಆ ಎರಡನೆಯ ಪತ್ರವನ್ನು ಯಾರೋ ಪೂರ್ತಿ ಓದಿದರು. ಹಾಗೆ ಓದದೇ ಇದ್ದಿದ್ದರೆ ಚೆನ್ನಾಗಿತ್ತು... ಅಧ್ಯಕ್ಷರ ಕಚೇರಿಯಿಂದ ಅದು ಪರಿಸರ ನೋಡಿಕೊಳ್ಳುವ ಇಲಾಖೆಗೆ ಹೋಯಿತು, ಅಲ್ಲಿಂದ ರಾಜ್ಯದ ಇಲಾಖೆಗೆ, ಅಲ್ಲಿಂದ ಸೂಕ್ತ ಉತ್ತರ ಕೊಡಿ ಎಂಬ ಚೀಟಿಯೊಂದಿಗೆ ಕಂಪನಿಗೇ ಬಂತು. ಒಂದು ದಿನ ಮೇಲಧಿಕಾರಿ ಅಕ್ಕನ ಗಂಡನನ್ನು ಕೋಣೆಗೆ ಕರೆದು ಕಾಫಿ ಕೊಟ್ಟ. ಮೇಜಿನ ಮೇಲೆ ಹೆಂಡತಿಯ ಅಕ್ಷರ. ಅವನು ದನಿ ಎತ್ತಲಿಲ್ಲವಂತೆ. ನಿಮ್ಮ ಹೆಂಡತಿಯ ಆರೋಗ್ಯ ಹೇಗಿದೆ ಎಂದು ವಿಚಾರಿಸಿದನಂತೆ. ಬಾಣಂತನದ ಮಂಕು ಕೆಲವರಿಗೆ ಬಹಳ ದಿನ ಇರುತ್ತದೆ, ಆಕೆಯೇ ಅಧ್ಯಕ್ಷರಿಗೆ ಒಂದು ಸ್ಪಷ್ಟನೆ ಬರೆದರೆ ಎಲ್ಲರಿಗೂ ಒಳ್ಳೆಯದು ಎಂದನಂತೆ. ಹೊರಡುವಾಗ, ನಿಮ್ಮ ಗ್ರೀನ್ ಕಾರ್ಡಿನ ಅರ್ಜಿ ನಮ್ಮಲ್ಲೇ ಇದೆಯಲ್ಲವೇ ಎಂದು ಕೇಳಿದನಂತೆ. ಆ ಅರ್ಜಿ ಹಾಕಿದ್ದೇ ಕಂಪನಿ. ಅವರು ಕೈಬಿಟ್ಟರೆ ಗಂಡಹೆಂಡತಿ ಇಬ್ಬರೂ ದೇಶ ಬಿಡಬೇಕಿತ್ತು.

ಸುದ್ದಿ ನಮ್ಮ ಕನ್ನಡದವರಲ್ಲೂ ಹಬ್ಬಿತು. ಆ ಯುಗಾದಿಗೆ ಮೌಂಟನ್ ವ್ಯೂನ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ಅರ್ಧಕ್ಕರ್ಧ ಮನೆಗಳ ಅನ್ನ ಅಂಥ ಕಂಪನಿಗಳಿಂದಲೇ ಬರುತ್ತಿತ್ತು. ಅಕ್ಕ ಕೋಸಂಬರಿಯ ಪಾತ್ರೆ ಹಿಡಿದು ಬಂದಾಗ ಹೆಂಗಸರ ಸಾಲು ಮೆಲ್ಲನೆ ಆಚೆಗೆ ಸರಿಯಿತು. ಗಂಡಸರೊಬ್ಬರು, ಓಹೋ ಅಧ್ಯಕ್ಷರ ಗೆಳತಿ ಬಂದರು ಎಂದರು. ಹತ್ತಾರು ಜನ ನಕ್ಕರು. ಅಕ್ಕನ ಗಂಡನೂ ನಕ್ಕರು. ಕೋಸಂಬರಿ ಹಾಗೇ ಉಳಿಯಿತು. ಊಟದ ನಂತರ ಅಕ್ಕ ಪಾತ್ರೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಇಟ್ಟುಕೊಂಡು ಕೂತರು.

ಮರುವಾರ ಒಂದು ಮಧ್ಯಾಹ್ನ ಅವರ ಗಂಡನೇ ನನ್ನನ್ನು ಕರೆಯಲು ಬಂದರು. ಸ್ಪಷ್ಟನೆ ಬರೆಯಲು ನೀವು ಹೇಳಿ, ನಿಮ್ಮ ಮಾತಾದರೂ ಕೇಳುತ್ತಾಳೆ ಎಂದರು. ಮಗಳನ್ನು ಎತ್ತಿಕೊಂಡು ಹೋಗಿ ಕೂತೆ. ಅಕ್ಕ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದರು, ಕಾಗದ ಖಾಲಿ ಇತ್ತು. ಬರೆಯಬೇಡಿ ಅಕ್ಕ ಎಂದೆ. ಆತ ನನ್ನ ಕಡೆ ತಿರುಗಿ, “ನಿಮ್ಮ ತೊಡಿ ಮ್ಯಾಲೆ ಕೂಸದ. ನಿಮಗ ಮಾತು ಹಗರ,” ಅಂದರು.

ಆತ ನಿಂತುಕೊಂಡು ಹೇಳುತ್ತಾ ಹೋದರು. ಹೆರಿಗೆಯ ನಂತರ ನನ್ನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಆ ಸ್ಥಿತಿಯಲ್ಲಿ ಬರೆದದ್ದಕ್ಕೆ ವಿಷಾದಿಸುತ್ತೇನೆ. ನೀರಿನಲ್ಲಿ ಯಾವ ದೋಷವೂ ಇಲ್ಲ. ಅಕ್ಕ ಬರೆಯುತ್ತಾ ಹೋದರು. ಒಂದು ಕಡೆ ಪೆನ್ನು ನಿಲ್ಲಿಸಿ, ಇಲ್ಲಿ ಭೂತಕಾಲ ಬರಬೇಕು, ವರ್ತಮಾನ ಹಾಕಿದರೆ ಈಗಲೂ ಹುಚ್ಚಿ ಅಂತಾಗುತ್ತದೆ ಎಂದು ಗಂಡನ ಇಂಗ್ಲಿಷನ್ನು ತಿದ್ದಿದರು. ಆತ ಸರಿ ಎಂದರು.

“ಹಂಗಾರ ಕೂಸು ಯಾಕ ಹಂಗ ಹುಟ್ತು ಅಂತ ಕೇಳ್ತಾರ,” ಅಂದರು ಆತ. “ಹೃದಯದ ದೋಷ ನಿಮ್ಮ ಮನಿತನದಾಗ ಅದ ಅಂತ ಬರಿ.”

“ನಮ್ಮ ಮನಿತನದಾಗ ಯಾರಿಗೂ ಇಲ್ಲ.”

“ಯಾರರ ಮ್ಯಾಲೆ ಹಾಕಬೇಕಲ್ಲ. ಕಂಪನಿ ಮ್ಯಾಲಂತೂ ಹಾಕಲಿಕ್ಕೆ ಬರಂಗಿಲ್ಲ.”

ಅಕ್ಕ ನನ್ನ ಮಗಳನ್ನೊಮ್ಮೆ ನೋಡಿದರು. ಆಮೇಲೆ ಅದನ್ನೂ ಬರೆದರು. ಅದೇ ಮುತ್ತಿನಂಥ ಅಕ್ಷರ.

ಆ ಪತ್ರಕ್ಕೆ ಬೇಗ ಉತ್ತರ ಬಂತು. ಅಚ್ಚಿನ ಕಾರ್ಡಲ್ಲ, ಟೈಪು ಮಾಡಿದ ನಿಜವಾದ ಪತ್ರ. ಅಕ್ಕನ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು. ನಿಮ್ಮ ಪ್ರಾಮಾಣಿಕತೆ ಅಧ್ಯಕ್ಷರನ್ನು ಮುಟ್ಟಿದೆ, ನಿಮ್ಮ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತೇವೆ ಎಂದಿತ್ತು. ಅದನ್ನು ಅಕ್ಕ ನನಗೆ ಓದಿ ಹೇಳಲಿಲ್ಲ. ಕೈಗೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ಮುಂದೆ ಅವರು ಯಾರಿಗೂ ಪತ್ರ ಬರೆದದ್ದನ್ನು ನಾನು ಕಾಣೆ.

ಗ್ರೀನ್ ಕಾರ್ಡು ಬಂತು. ಅದಾದ ಸ್ವಲ್ಪ ಕಾಲಕ್ಕೆ ವ್ಯಾಪಾರ ಕುಸಿದು ಕಂಪನಿ ಆ ಘಟಕವನ್ನೇ ಮುಚ್ಚಿತು, ಆತನನ್ನೂ ಕೆಲಸದಿಂದ ತೆಗೆಯಿತು. ಆತ ಬೇರೆ ಕಡೆ ಕೆಲಸ ಹಿಡಿದರು. ಮನೆಯಲ್ಲಿ ಅಕ್ಕನ ಮಾತು ನಿಂತುಹೋಗಿತ್ತು. ಮಕ್ಕಳು ಬೇಕೆಂದು ಆತನ ಕಡೆಯವರು ಊರಿನಿಂದ ಬರೆಯತೊಡಗಿದ್ದರು. ನಮ್ಮ ಗೋಡೆಗೆ ಆತನ ದನಿ ಮಾತ್ರ ಕೇಳುತ್ತಿತ್ತು. ಒಂದು ದಿನ ಅದು, ನಿನ್ನ ರಕ್ತದಾಗ ದೋಷ ಅದ ಎಂದು ಸ್ಪಷ್ಟವಾಗಿ ಹೇಳಿತು. ಯಾವ ಸುಳ್ಳನ್ನು ತಾನೇ ನಿಂತು ಬರೆಸಿದ್ದನೋ ಅದನ್ನೇ ಆ ಮನುಷ್ಯ ನಂಬಿಬಿಟ್ಟಿದ್ದ... ಅಥವಾ ನಂಬುವುದು ಅನುಕೂಲವಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಅಕ್ಕನನ್ನು ವಿಶ್ರಾಂತಿಗೆ ಎಂದು ಧಾರವಾಡಕ್ಕೆ ಕಳಿಸಿದರು. ಹಿಂದೆಯೇ ಆಕೆಯ ಅಣ್ಣನಿಗೆ ಲಕೋಟೆ ಹೋಯಿತು. ವಿಚ್ಛೇದನದ ಕಾಗದ, ಅದರ ಜೊತೆಗೆ ಆ ಸ್ಪಷ್ಟನೆಯ ಪತ್ರದ ನಕಲು. ನಿಮ್ಮ ತಂಗಿ ತನ್ನ ಕೈಯಾರೆ ಬರೆದದ್ದು, ಓದಿಕೊಳ್ಳಿ ಎಂದು.

ಊರಿಗೆ ಹೋದಾಗ ಒಮ್ಮೆ ಅಕ್ಕನನ್ನು ನೋಡಲು ಧಾರವಾಡಕ್ಕೆ ಹೋಗಿದ್ದೆ. ಅಣ್ಣನ ಮನೆಯ ಹಿತ್ತಲ ಕಡೆಯ ಕೋಣೆಯಲ್ಲಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಳೆಯ ಶಾಲೆಯಲ್ಲಿ ಕೆಲಸ ಕೇಳಿದ್ದರಂತೆ. ಬುದ್ಧಿಯ ವಿಚಾರ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅಣ್ಣನ ಹೆಂಡತಿ ನನಗೆ ಚಹಾ ಕೊಟ್ಟು ಅಲ್ಲೇ ನಿಂತರು. ಅವರ ಹಿರಿಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ತಪ್ಪಿಹೋಗಿತ್ತು. ವಂಶದಲ್ಲಿ ಹೃದಯದ ದೋಷವಿದೆ ಎಂಬ ಮಾತು ಗಂಡಿನ ಕಡೆಯವರ ಕಿವಿಗೆ ಬಿದ್ದಿತ್ತು. ಎರಡನೆಯ ಸಂಬಂಧವೂ ಅದೇ ಕಾರಣಕ್ಕೆ ಮುರಿದಿತ್ತು.

“ಡಾಕ್ಟರ ಹೇಳಿದ್ದಲ್ಲ, ವೈರಿ ಹೇಳಿದ್ದಲ್ಲ,” ಅಂದರು ಆಕೆ, ಅಕ್ಕನಿಗೆ ಕೇಳುವ ಹಾಗೆ. “ಮನಿ ಮಗಳ ಬರದು ಕೊಟ್ಟಾಳ. ಅದೂ ರಾಜನಂಥಾವಗ.”

ಅಕ್ಕ ತಲೆ ಎತ್ತಲಿಲ್ಲ. ನನ್ನ ಮಗಳು ಎಷ್ಟು ಎತ್ತರ ಆಗಿದ್ದಾಳೆ ಎಂದು ಕೇಳಿದರು. ನಾನು ಕೈ ಎತ್ತಿ ತೋರಿಸಿದೆ. ಹೊರಡುವಾಗ ಬಾಗಿಲವರೆಗೆ ಬರಲು ಎದ್ದವರು ಅತ್ತಿಗೆಯನ್ನು ನೋಡಿ ಮತ್ತೆ ಕೂತರು. ಅದೇ ಕೊನೆ. ಕೆಲವು ವರ್ಷಗಳ ನಂತರ ಅವರು ಹೋದ ಸುದ್ದಿ ಯಾರದೋ ಮದುವೆಯ ಮನೆಯಲ್ಲಿ, ಪಂಕ್ತಿಯಲ್ಲಿ ಕೂತಿದ್ದಾಗ, ಬೇರೆ ಮಾತಿನ ನಡುವೆ ನನ್ನ ಕಿವಿಗೆ ಬಿತ್ತು.

ನನ್ನ ಮಗಳು ಈಗ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಾಳೆ. ನಾವಿರುವ ಈ ಕಣಿವೆ ಪ್ರದೇಶದ ಕುಡಿಯುವ ನೀರಿನ ಕಥೆ ಅವಳ ಪುಸ್ತಕದ ವಿಷಯ. ಹೋದ ವರ್ಷ ಅದಕ್ಕೆಂದು, ಆ ಅಧ್ಯಕ್ಷರ ಕಾಲದ ಕಡತಗಳನ್ನೆಲ್ಲ ಇಟ್ಟಿರುವ ದಾಖಲಾಲಯಕ್ಕೆ ಹೋಗಿದ್ದಳು. ಜನ ಬರೆದ ಪತ್ರಗಳು ಲಕ್ಷಗಟ್ಟಲೆ, ಎಲ್ಲವನ್ನೂ ಉಳಿಸಿಕೊಂಡಿಲ್ಲ, ಮಾದರಿಗೆ ಕೆಲವು ಮತ್ತು ಯಾವುದಕ್ಕೆ ಪ್ರತ್ಯೇಕ ಉತ್ತರ ಹೋಗಿದೆಯೋ ಅವು ಮಾತ್ರ ಇವೆ ಎಂದು ಅಲ್ಲಿಯವರು ಹೇಳಿದರಂತೆ. ಬಾವಿಯ ಬಗ್ಗೆ ನಮ್ಮ ಕಡೆಯ ಹೆಂಗಸೊಬ್ಬರದ್ದು ಒಂದೇ ಒಂದು ಪತ್ರ ಸಿಕ್ಕಿತು ಎಂದು ಫೋನಿನಲ್ಲಿ ಉತ್ಸಾಹದಿಂದ ಹೇಳಿದಳು. ನೀರಿನಲ್ಲಿ ದೋಷವಿಲ್ಲ, ನಾನೇ ತಪ್ಪಾಗಿ ದೂರು ಕೊಟ್ಟಿದ್ದೆ ಎಂದು ಬರೆದಿದ್ದಾರೆ, ಎಲ್ಲ ದೂರುಗಳೂ ನಿಜವಲ್ಲ ಎನ್ನಲು ಪುಸ್ತಕದಲ್ಲಿ ಅದನ್ನು ಹಾಕುತ್ತಿದ್ದೇನೆ ಎಂದಳು.

ಹೆಸರು ಓದು ಎಂದೆ. ಓದಿದಳು.

ಎಲ್ಲವನ್ನೂ ಹೇಳಿದೆ. ಅಕ್ಕ ಆ ಪತ್ರ ಬರೆಯುವಾಗ ನೀನು ನನ್ನ ತೊಡೆಯ ಮೇಲಿದ್ದೆ ಎಂದೂ ಹೇಳಿದೆ. “ಐ ಬಿಲೀವ್ ಯು ಅಮ್ಮಾ. ಬಟ್ ರೆಕಾರ್ಡಲ್ಲಿ ಇರೋದು ಇದೊಂದೇ,” ಅಂದಳು. ಆಮೇಲೆ ಮೆತ್ತಗೆ, ಮಗುವಿನ ಜನನದ ದಾಖಲೆಯಾದರೂ ಸಿಗುತ್ತದೇನೋ ಹುಡುಕುತ್ತೇನೆ, ಅದರ ಹೆಸರೇನು ಎಂದು ಕೇಳಿದಳು.

ಹೆಸರು ಇಟ್ಟಿರಲಿಲ್ಲ ಎಂದೆ.