ಸಂಶಯವೇ ಬಾರದವಳು

ವಾಡಿ ಸ್ಟೇಶನ್ನಿನ ಹಿಂದೆ, ಗೂಡ್ಸ್ ಶೆಡ್ಡಿನ ಗೋಡೆಗೆ ಎದುರಾಗಿ ಮಾಣಿಕಮ್ಮನ ಖಾನಾವಳಿ ಇತ್ತು. ಅಲ್ಲಿ ಒಂದು ಕಾನೂನು: ಕಥೆ ಹೇಳುವವರಿಗೆ ಹಂಚಿನಿಂದ ನೇರ ತಟ್ಟೆಗೆ ಬಿಸಿ ರೊಟ್ಟಿ, ಕೇಳುವವರಿಗೆ ಬುಟ್ಟಿಯೊಳಗಿನದು. ಆ ಬಿಸಿ ರೊಟ್ಟಿ ವರ್ಷಗಟ್ಟಲೆ ಒಬ್ಬರ ಸ್ವತ್ತೇ ಆಗಿತ್ತು. ಅವರು ಸ್ಟೇಶನ್ನಿನ ಪಾರ್ಸಲ್ ಗುಮಾಸ್ತ ಬಂದೇಅಲಿ ಸಾಬರು. ನಾನು ಪಕ್ಕದ ಮನೆಯ ಅನಸುಬಾಯಿ, ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಒಬ್ಬಳಿಗಾಗಿ ಒಲೆ ಹಚ್ಚುವ ಬೇಸರಕ್ಕೆ ನನ್ನ ಊಟವೂ ಅಲ್ಲೇ.

ಮಾಣಿಕಮ್ಮ ಗುಂಡಗುರ್ತಿಯಲ್ಲಿ ಹುಟ್ಟಿ ಸೇಡಮ್ಮಿಗೆ ಸೊಸೆಯಾಗಿ ಹೋದವಳು. ಗಂಡನಿಗೆ ವಾಡಿಯಲ್ಲಿ ರೈಲ್ವೆ ಗ್ಯಾಂಗಿನ ಕೆಲಸ ಸಿಕ್ಕಿತು. ಸಂಸಾರ ಹೂಡಿ ಇನ್ನೂ ನೆಟ್ಟಗೆ ಕೂತಿರಲಿಲ್ಲ, ಜ್ವರಕ್ಕೆ ಹೋಗಿಬಿಟ್ಟ. ತವರಿಗೆ ಬಾ ಎಂದು ತಮ್ಮ ಅಂಬಾರಾಯ ಕರೆದ. "ನಿನ್ನ ಹೆಂಡ್ತಿ ಹಾಕಿದ ರೊಟ್ಟಿ ಎಣಿಸಿ ತಿನ್ನೂದಕಿಂತ, ನಾಕ ಮಂದಿಗಿ ನಾನೇ ರೊಟ್ಟಿ ಹಾಕ್ತೀನಿ, ನಡಿ" ಎಂದು ಅವನನ್ನು ಬಂದ ಗಾಡಿಯಲ್ಲೇ ಕಳಿಸಿದಳಂತೆ. ನಾವೆಲ್ಲ ಹೈದರಾಬಾದ್ ರಾಜ್ಯದವರು ಹೋಗಿ ಮೈಸೂರು ರಾಜ್ಯದವರಾದ ವರ್ಷ ಅದು. ಬಾಯಿ ಜೋರು, ಕೈ ಧಾರಾಳ. ಪಲ್ಯ ಸಾಕು ಅಂದವರ ತಟ್ಟೆಗೆ ಮತ್ತೊಂದು ಸೌಟು ಬೀಳುತ್ತಿತ್ತು.

ಹಣಮವ್ವ ಬಂದದ್ದು ಆಮೇಲೆ. ಚಿಂಚೋಳಿ ಕಡೆಯವಳು, ಗಂಡ ಬಿಟ್ಟವಳು. ಸ್ಟೇಶನ್ನಿನ ನಳದ ಹತ್ತಿರ ಗಂಟು ಇಟ್ಟುಕೊಂಡು ಕೂತಿದ್ದವಳನ್ನು ಮಾಣಿಕಮ್ಮನೇ ಕೈ ಹಿಡಿದು ಕರೆತಂದಳು. ರೊಟ್ಟಿ ಬಡಿಯುವುದೆಂದರೆ ಹಣಮವ್ವನೇ ಬಡಿಯಬೇಕು. ಮಾತು ಮಾತ್ರ ಕಡಿಮೆ. ಮಾಣಿಕಮ್ಮನನ್ನು ಯವ್ವಾ ಅನ್ನುತ್ತಿದ್ದಳು, ವಯಸ್ಸಿನಲ್ಲಿ ಇಬ್ಬರಿಗೂ ಅಂಥ ಅಂತರವೇನೂ ಇರಲಿಲ್ಲ.

ಇನ್ನು ಕಥೆಗಳ ವಿಷಯ. ಮದ್ರಾಸ್–ಮುಂಬಯಿ ಮೇಲ್‌ಗಾಡಿಯಲ್ಲಿ ಹೋಗುವ ದೊಡ್ಡ ಮಂದಿ ಓದಿದ ಇಂಗ್ಲಿಷ್ ಪುಸ್ತಕಗಳನ್ನು ವೇಟಿಂಗ್ ರೂಮಿನಲ್ಲೇ ಬಿಟ್ಟು ಹೋಗುತ್ತಿದ್ದರು. ಕೇಳುವವರಿಲ್ಲದ ಆ ಪುಸ್ತಕಗಳು ಬಂದೇಅಲಿ ಸಾಬರ ಕೈಸೇರುತ್ತಿದ್ದವು. ಎಲ್ಲವನ್ನೂ ಓದುತ್ತಿದ್ದರು, ಆದರೆ ಜೀವ ಇಟ್ಟದ್ದು ಒಂದೇ ಜಾತಿಯ ಕಥೆಗಳ ಮೇಲೆ: ಇಂಗ್ಲೆಂಡಿನಲ್ಲಿ ಟ್ಯೂಡರ್ ಮನೆತನದ ರಾಜರು ಆಳುತ್ತಿದ್ದ ಕಾಲದ ಪತ್ತೇದಾರಿ ಕಾದಂಬರಿಗಳು. ನಾನ್ನೂರು ವರ್ಷದ ಹಿಂದಿನ ಅರಮನೆ, ಮೇಣದಬತ್ತಿ, ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಹೆಣ. ವೇಟಿಂಗ್ ರೂಮಿನಲ್ಲಿ ಸಿಗದಿದ್ದರೆ ಶಹಾಬಾದಿನ ರದ್ದಿ ಅಂಗಡಿಯಲ್ಲಿ ಕೂತು ರಾಶಿ ಕೆದಕಿ ತರುತ್ತಿದ್ದರು.

ಸಾಬರು ಅದನ್ನು ನಮ್ಮ ಮಾತಿಗೆ ಇಳಿಸಿ ಹೇಳುವ ಪರಿಯೇ ಬೇರೆ. "ಥೇಮ್ಸ್ ಅಂದ್ರ ಏನಂತ ತಿಳೀರಿ, ನಮ್ಮ ಕಾಗಿಣಾ ಹೊಳಿ. ಅದರ ದಂಡಿ ಮ್ಯಾಲ ಅರಮನಿ. ಒಳಗ ರಾಜ, ಹೆನ್ರಿ ಅಂತ. ಗಂಡಮಗ ಬೇಕು ಅಂವಗ, ಒಂದಾ ಹಟ" ಎಂದು ಶುರುಮಾಡಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. "ಗಂಡಮಗನ್ನ ಹಡೀಲಿಲ್ಲಂತ ಹೆಂಡ್ತೀನ ಹೊರಗ ಹಾಕಿದನೇ? ಅವನ ಬಾಯಾಗ ಮಣ್ಣು ಬೀಳಲಿ!" ಎಂದು ಮಾಣಿಕಮ್ಮ ಒಲೆಯ ಮುಂದಿನಿಂದಲೇ ಇಂಗ್ಲೆಂಡಿನ ರಾಜನಿಗೆ ಬೈಯುತ್ತಿದ್ದಳು. ಎರಡನೆಯ ರಾಣಿಯ ತಲೆ ಹೋದ ದಿನ ಪುಂಡಿಪಲ್ಯಕ್ಕೆ ಉಪ್ಪು ಬೀಳಲಿಲ್ಲ, ಒಬ್ಬರೂ ತಕರಾರು ಮಾಡಲಿಲ್ಲ.

ಎಲ್ಲಿಯ ಲಂಡನ್, ಎಲ್ಲಿಯ ವಾಡಿ ಅನ್ನಬೇಡಿ. ನಾವು ನಿಜಾಮಶಾಹಿಯಲ್ಲಿ ಹುಟ್ಟಿದವರು. ಜಹಗೀರದಾರರ ದೇವಡಿಯ ಗೋಡೆಯೊಳಗೆ ಒಬ್ಬ ಆಳು ಸತ್ತರೆ ಹೇಗೆ ಸತ್ತ ಎಂದು ಕೇಳುವ ಗಂಡಸು ಊರಲ್ಲಿರಲಿಲ್ಲ. ಈ ಕಥೆಗಳಲ್ಲಿ ರಾಜ ಹೂಂ ಅಂದರೆ ತಲೆ ಉರುಳುತ್ತದೆ, ಅಂಥ ಕಡೆ ದೀಪ ಹಚ್ಚುವ ಒಬ್ಬ ಸಣ್ಣ ಆಳು ನಿಂತು, "ಇವನನ್ನು ಕೊಂದದ್ದು ಯಾರು?" ಅನ್ನುತ್ತಾನೆ. ಅಷ್ಟೇ. ಅಷ್ಟಕ್ಕೇ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ನಾನೂ ಕೊಲೆಗಾರನ ಯೋಚನೆಯಲ್ಲೇ ಇರುತ್ತಿದ್ದೆ.

ಸಾಬರು ಕೊನೆಯ ಅಧ್ಯಾಯಕ್ಕೆ ಮೊದಲು ನಿಲ್ಲಿಸಿ, "ಹೇಳ್ರಿ ಈಗ, ಯಾರು?" ಎಂದು ಕೇಳುವುದು ರೂಢಿ. ಗೂಡ್ಸ್ ಗಾಡಿಯ ಡ್ರೈವರ್ ನಬೀಸಾಬ್ ಯಾವಾಗಲೂ ಮಂತ್ರಿಯ ಹೆಸರು ಹೇಳಿ ಸೋಲುತ್ತಿದ್ದ. ಮಾಣಿಕಮ್ಮ ಮೊದಮೊದಲು ಸೋತಳು, ಬರುಬರುತ್ತ ಒಂದೂ ತಪ್ಪಲಿಲ್ಲ. ಗುಟ್ಟೇನು ಎಂದು ಕೇಳಿದರೆ ನಕ್ಕಳು. "ಏನ್ ಗುಟ್ಟರಿ ಅಕ್ಕೋರ? ಯಾರ ಮ್ಯಾಲ ಯಾರಿಗೂ ಸಂಶಯಾ ಬರಂಗಿಲ್ಲೋ, ಅವರೇ. ಎಲ್ಲಾರಿಗಿ ಬೇಕಾದವರು, ತಲಿ ತಗ್ಗಿಸಿ ದುಡಿಯೋರು, ಅವರ ಕಡೀ ನೋಡ್ರಿ." ಸಾಬರು ಭೇಷ್ ಅಂದರು. ಅಂದಿನಿಂದ ಖಾನಾವಳಿಯಲ್ಲಿ ಅವಳಿಗೆ ಫೌಜದಾರಬಾಯಿ ಎಂದು ಹೆಸರಾಯಿತು. ಆ ಹೆಸರಿನಿಂದ ಕರೆದರೆ ಅವಳಿಗೆ ಒಳಗೊಳಗೇ ಖುಷಿ.

ಒಂದು ಶ್ರಾವಣದಲ್ಲಿ ಅನಾಹುತ ನಡೆಯಿತು. ಮಧ್ಯಾಹ್ನ ಉಂಡು ಹೋದವರು ಸಂಜೆಯಾಗುವುದರೊಳಗೆ ವಾಂತಿ, ತಲೆಸುತ್ತು ಎಂದು ನೆಲ ಹಿಡಿದರು. ನನಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾಗಲಿಲ್ಲ. ಮಾಣಿಕಮ್ಮನೂ ಮಲಗಿದಳು. ನಬೀಸಾಬನ ಸ್ಥಿತಿ ಕೈಮೀರಿ ಶಹಾಬಾದಿನ ದವಾಖಾನೆಗೆ ಒಯ್ದರು, ಪುಣ್ಯಕ್ಕೆ ಜೀವ ಉಳಿಯಿತು. ಊಟದಲ್ಲಿ ಏನೋ ವಿಷ ಸೇರಿದೆ ಎಂದು ಡಾಕ್ಟರು ಹೇಳಿದರು. ಉಳಿದ ಪಲ್ಯ, ಬ್ಯಾಳಿ, ಹಿಟ್ಟು ಎಲ್ಲವನ್ನೂ ಹೊಂಡಕ್ಕೆ ಸುರಿದದ್ದಾಯಿತು.

ನಮ್ಮನ್ನೆಲ್ಲ ನೋಡಿಕೊಂಡದ್ದು ಹಣಮವ್ವ. ಗಂಜಿ ಕುಡಿಸಿದಳು, ಮೈ ಒರೆಸಿದಳು, ವಾಂತಿ ಬಳಿದಳು. ಯಾಕೆಂದರೆ ಅವಳೊಬ್ಬಳಿಗೇ ಏನೂ ಆಗಿರಲಿಲ್ಲ.

ಈ ಮಾತು ಮಾಣಿಕಮ್ಮನ ತಲೆ ಹೊಕ್ಕಿತು. ಎದ್ದು ಓಡಾಡುವಂತಾದ ದಿನವೇ ನಮ್ಮನ್ನೆಲ್ಲ ಕೂಡಿಸಿದಳು, ಥೇಟ್ ಕಥೆಗಳ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂಡಿಸುವ ಹಾಗೆ. ಬಾಗಿಲಲ್ಲಿ ಹಣಮವ್ವನನ್ನು ನಿಲ್ಲಿಸಿದಳು.

"ಹಣಮೀ, ಎಲ್ಲಾರು ಬಿದ್ದೀವಿ. ನಿನಗ್ಯಾಕ ಏನೂ ಆಗಿಲ್ಲ?"

"ನಾ ಅವತ್ತಿನ ರೊಟ್ಟಿ ಉಂಡಿಲ್ಲರಿ, ಯವ್ವಾ."

"ಯಾಕ ಉಂಡಿಲ್ಲ? ಒಪ್ಪತ್ತಿತ್ತೇನು?"

"ಇಲ್ರಿ."

"ಮತ್ತ ಯಾಕ? ಎಲ್ಲಾರ ಮುಂದ ಹೇಳು."

ಹಣಮವ್ವ ನಮ್ಮೆಲ್ಲರ ಮುಖ ನೋಡಿದಳು, ಮಾಣಿಕಮ್ಮನ ಮುಖ ನೋಡಿದಳು, ತಲೆ ತಗ್ಗಿಸಿದಳು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಮಾಣಿಕಮ್ಮ ಒಂದಕ್ಕೊಂದು ಗಂಟು ಹಾಕುತ್ತ ಹೋದಳು. ಶೆಡ್ಡಿನ ಆಚೆ ಸೂರ್ಯಕಾಂತ ಎಂಬವನು ಹೊಸ ಖಾನಾವಳಿ ಹಾಕಿದ್ದ, ನಮ್ಮಲ್ಲಿ ರೊಟ್ಟಿ ಬಡಿ ಬಾ ಎಂದು ಹಣಮವ್ವನನ್ನು ಕರೆದಿದ್ದ. ಈ ಖಾನಾವಳಿ ಮುಚ್ಚಿದರೆ ಲಾಭ ಯಾರಿಗೆ? ಹಿಟ್ಟು ನಾದಿದವರು ಯಾರು? ಯಾರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ? ಕೊನೆಯ ಪ್ರಶ್ನೆ ಕೇಳುವಾಗ ಅವಳ ದನಿಯಲ್ಲಿ ಗೆದ್ದ ಸಡಗರ ಇತ್ತು, ಈಗ ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ಬಂದೇಅಲಿ ಸಾಬರು ಎದ್ದು ನಿಂತರು. "ಮಾಣಿಕಮ್ಮಾ, ಇದೇನ್ ಮಾಡಲಿಕತ್ತೀರಿ? ಅದು ಕಥಿ. ಕಥಿ ಬರಿಯೋವ ಮೊದಲಾ ಒಬ್ಬ ಖೂನಿ ಮಾಡೋವನ್ನ ಒಳಗ ಇಟ್ಟಿರ್ತಾನ. ಇಲ್ಲಿ ಯಾರರೆ ಇರಲೇಬೇಕಂತ ಎಲ್ಲದ?"

"ನೀವು ಸುಮ್ಮ ಕುಂದ್ರಿ ಸಾಬ್ರ. ಸಾಯೂದರಾಗ ಉಳದವರು ನಾವು" ಎಂದಳು. ದವಾಖಾನೆಯಿಂದ ಬಂದ ನಬೀಸಾಬ್ ಗೋಡೆಗೊರಗಿ ಕೂತಿದ್ದ, ಅವನ ಬತ್ತಿದ ಮುಖ ನೋಡಿ ಉಳಿದವರೂ ಸುಮ್ಮನಾದರು.

ಹಣಮವ್ವ ಅಳಲಿಲ್ಲ. ಒಳಗೆ ಹೋಗಿ ಗಂಟು ತಂದಳು, ಬಿಚ್ಚಿ ಎರಡು ಸೀರೆ ಕೊಡವಿ ತೋರಿಸಿ ಮತ್ತೆ ಕಟ್ಟಿಕೊಂಡಳು. ನೋಡಿ, ಏನೂ ಒಯ್ಯುತ್ತಿಲ್ಲ ಎನ್ನುವ ಹಾಗೆ. ಸೂರ್ಯಕಾಂತನ ಖಾನಾವಳಿಯ ಕಡೆ ತಿರುಗಿಯೂ ನೋಡದೆ ಚಿಂಚೋಳಿಯ ದಾರಿ ಹಿಡಿದಳು. ತಪ್ಪು ಮಾಡಿದವಳಾಗಿದ್ದರೆ ಅಲ್ಲಿಗೇ ಹೋಗುತ್ತಿದ್ದಳಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದಸರೆ ಮುಗಿದ ಮೇಲೆ ಅಂಬಾರಾಯ ಅಕ್ಕನನ್ನು ನೋಡಲು ಬಂದ. ಜೋಳದ ಚೀಲಗಳು ವರ್ಷವರ್ಷವೂ ಗುಂಡಗುರ್ತಿಯಿಂದ ಅವನೇ ಕಳಿಸುವುದು. ಕಾಲು ತೊಳೆದು ಕೂತು, ಮಾತಿಗೆ ಮಾತು ಬಂದು ಕೇಳಿದ: "ಆಷಾಢದಾಗ ಕಳಿಸಿದ ಚೀಲ ಹ್ಯಾಂಗಿತ್ತಕ್ಕ? ಬಿತ್ತಿ ಉಳಿದ ಹೈಬ್ರಿಡ್ ಬೀಜಾನೂ ಅದರ ಬಾಯಾಗ ಹಾಕಿದ್ದೆ."

ಮಾಣಿಕಮ್ಮ ಚಹದ ಬಟ್ಟಲು ಕೆಳಗಿಟ್ಟಳು. "ಬೀಜ? ಅದಕ ಹುಳಾ ಸಾಯೋ ಕೆಂಪು ಔಷಧಿ ಹಚ್ಚಿರ್ತಾರಲ್ಲೋ?"

"ಹಚ್ಚಿರ್ತಾರ. ಆದ್ರ ಜ್ವಾಳ ಹ್ಯಾಂಗ ಚೆಲ್ಲಬೇಕಕ್ಕ? ಲಕ್ಷ್ಮಿ ಅಲ್ಲೇನು? ಕೆಂಪು ಹೋಗೂತನಾ ತಿಕ್ಕಿ ತಿಕ್ಕಿ ತೊಳದು, ಬಿಸಲಿಗಿ ಒಣಗಿಸಿ ಹಾಕೀನಿ. ಏನೂ ಉಳದಿಲ್ಲ ಬಿಡು."

ಪಾಪ, ಅವನ ಮುಖದಲ್ಲಿ ಕಾಳು ಉಳಿಸಿದ ಸಮಾಧಾನವೇ ಇತ್ತು. ಆ ದಿನದ ಹಿಟ್ಟು ಬೀಸಿದ್ದು ಹೊಸ ಚೀಲದ ಬಾಯಿಯಿಂದ ತೆಗೆದ ಜೋಳವನ್ನೇ. ಯಾರೂ ವಿಷ ಹಾಕಿರಲಿಲ್ಲ.

ಆದರೂ ನನಗೊಂದು ತಿಳಿಯಲಿಲ್ಲ. "ಹಣಮವ್ವ ಆ ರೊಟ್ಟಿ ಯಾಕ ಉಣ್ಣಲಿಲ್ಲ, ಮಾಣಿಕಮ್ಮಾ?" ಎಂದೆ.

ಅವಳು ಮೂಲೆಯಲ್ಲಿದ್ದ ಹಳೆಯ ಬುಟ್ಟಿಯ ಕಡೆ ನೋಡಿದಳು. "ಅಕಿ ಯಾವತ್ತು ಅವತ್ತಿನ ರೊಟ್ಟಿ ಉಂಡಾಳರಿ ಅಕ್ಕೋರ? ನಿನ್ನಿದು ಉಳಿದಿದ್ದು ಅಕಿಗಿ. ನಾನೇ ಹಾಕ್ತಿದ್ದೆ. ದಿನಾ. ಅವತ್ತು ಕೇಳೂ ಮುಂದ ನನಗ ಅದು ನೆನಪೇ ಆಗಲಿಲ್ಲ. ಅಕಿ ನಿಮ್ಮೆಲ್ಲಾರ ಮುಂದ ನನ್ನ ಮಾನ ಹೋಗ್ತದಂತ ಬಾಯಿ ಬಿಡಲಿಲ್ಲ" ಎಂದಳು. ಆಮೇಲೆ ಬೋರಾಡಿ ಅತ್ತಳು. ಅಂಬಾರಾಯ ಗಾಬರಿಯಾಗಿ ನನ್ನ ಮುಖ, ಅವಳ ಮುಖ ನೋಡುತ್ತಿದ್ದ.

ಹಣಮವ್ವ ಚಂದ್ರಂಪಳ್ಳಿಯಲ್ಲಿ ಕೆರೆಕಟ್ಟೆಯ ಕೆಲಸದಲ್ಲಿದ್ದಾಳೆ ಎಂದು ತಿಳಿಯಲು ಕೆಲವು ವಾರ ಹಿಡಿಯಿತು. ಮಾಣಿಕಮ್ಮ ಖಾನಾವಳಿಗೆ ಬೀಗ ಹಾಕಿ ನನ್ನನ್ನು ಜೊತೆಗೆ ಹೊರಡಿಸಿದಳು. ಸೇಡಂ ದಾಟಿ ಚಿಂಚೋಳಿಯ ಬಸ್ಸಿನಲ್ಲಿ ಕೂತಾಗ ಅವಳ ಬಾಯಲ್ಲಿ ಒಂದೇ ಮಾತು: "ಬರ್ತಾಳಲ್ರಿ ಅಕ್ಕೋರ? ಕಾಲ ಹಿಡಿತೀನಿ. ಬರ್ತಾಳ." ಬರುತ್ತಾಳೆ ಎಂದೇ ನಾನೂ ಹೇಳಿದೆ.

ಕೆರೆಯ ಕಟ್ಟೆ ಆಗಿನ್ನೂ ಏಳುತ್ತಿತ್ತು. ಮಣ್ಣು ಹೊರುವ ಹೆಂಗಸರ ಸಾಲಿನಲ್ಲಿ ಹಣಮವ್ವ ಇದ್ದಳು, ಕಪ್ಪಾಗಿದ್ದಳು, ಬಡಕಲಾಗಿದ್ದಳು. ನಮ್ಮನ್ನು ಕಂಡು ಬುಟ್ಟಿ ಇಳಿಸಿದಳು. "ಬರ್ರಿ ಯವ್ವಾ, ಬರ್ರಿ ಅಕ್ಕೋರ" ಎಂದು ಕೂಲಿಯವರ ಗುಡಿಸಲಿಗೆ ಕರೆದೊಯ್ದು ನೀರು ಕೊಟ್ಟಳು. ಮಾಣಿಕಮ್ಮ ಬೀಜದ ಸಂಗತಿಯೆಲ್ಲ ಹೇಳಿ ಸೆರಗೊಡ್ಡಿದಳು. ಹಣಮವ್ವ ಅವಳ ಎರಡೂ ಕೈ ಹಿಡಿದು ಎಬ್ಬಿಸಿದಳು. "ಬಿಡ್ರಿ, ಆಗಿ ಹೋಯ್ತು. ನನಗೇನು ಸಿಟ್ಟಿಲ್ಲ. ಉಂಡು ಹೋಗ್ರಿ." ಆ ದನಿಯಲ್ಲಿ ನಿಜವಾಗಿಯೂ ಸಿಟ್ಟಿರಲಿಲ್ಲ. ಮಾಣಿಕಮ್ಮನ ಮುಖ ಅರಳಿತು. ಕೆಲಸ ಆಯಿತು ಎಂದು ನನಗೂ ಅನ್ನಿಸಿತು.

ಮೂರು ಕಲ್ಲಿನ ಒಲೆಯಲ್ಲಿ ರೊಟ್ಟಿ ಸುಟ್ಟಳು. ತಟ್ಟೆಗೆ ಹಾಕಿ, ಶೇಂಗಾಹಿಂಡಿಯ ಪುಡಿಚಟ್ನಿ ಇಟ್ಟು, ಮಾಣಿಕಮ್ಮನ ಮುಂದೆ ತಂದಳು. ಕೊಡುವ ಮೊದಲು ರೊಟ್ಟಿಯ ಅಂಚು ಮುರಿದು, ಹಿಂಡಿ ಹಚ್ಚಿ, ನಮ್ಮ ಕಣ್ಣೆದುರಿಗೇ ತಾನು ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿದಳು. ಒಂದು ಗುಟುಕು ನೀರು ಕುಡಿದು ತಟ್ಟೆ ಮುಂದೆ ಸರಿಸಿದಳು.

"ಈಗ ಉಣ್ರಿ, ಯವ್ವಾ."

ಮಾಣಿಕಮ್ಮನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. "ಹಣಮೀ, ನನ್ನ ಮುಂದ ಹಿಂಗ ಮಾಡಬ್ಯಾಡವ್ವಾ. ಮನಿಗಿ ನಡಿ. ನಿನಗ ಕೈ ಮುಗಿತೀನಿ."

"ಬಂದ್ರ ಅಲ್ಲೀನೂ ಹಿಂಗೇ ಆಗ್ತದರಿ. ನೀವು ಕೇಳಂಗಿಲ್ಲ, ಮಂದಿ ಕೇಳಂಗಿಲ್ಲ. ಆದ್ರ ಪ್ರತಿ ಬುಟ್ಟಿ ಹೊರಗ ಕಳಸೂ ಮುಂದ ನನ್ನ ಕೈ ತಾನೇ ಒಂದು ಚೂರು ಮುರೀತದ. ನಾ ತಿಂದು ತೋರಸ್ಲಾರದ ನನಗೇ ನಂಬಿಕಿ ಬರಂಗಿಲ್ಲ. ಇಲ್ಲಿ ಮಣ್ಣು ಹೊರ್ತೀನಿ. ಮಣ್ಣು ಯಾರೂ ತಿನ್ನಂಗಿಲ್ಲಲ್ಲ."

ಮಾಣಿಕಮ್ಮ ಮತ್ತೆ ಬಾ ಅನ್ನಲಿಲ್ಲ. ಕಣ್ಣೀರು ಹಿಂಡಿಯ ಮೇಲೆ ಬೀಳುತ್ತಿದ್ದರೂ ತಟ್ಟೆಯಲ್ಲಿದ್ದುದನ್ನು ಒಂದು ಚೂರೂ ಬಿಡದೆ ಉಂಡಳು. ಹಣಮವ್ವ ಎದುರಿಗೆ ಕೂತು ಅದನ್ನು ನೋಡಿದಳು, ತಟ್ಟೆ ತೊಳೆದಿಟ್ಟಳು, ಆಮೇಲೆ ಬುಟ್ಟಿ ಎತ್ತಿಕೊಂಡು ಸಾಲಿಗೆ ಹೋದಳು.